ಮ್ಯೂಸಿಯಂ ನಮಗೇಕೆ ಎನ್ನುವ ಮುನ್ನ



ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಈ ಸಲ ಎಲ್ಲಿಗೆ?" ಉತ್ತರವೂ ಹೆಚ್ಚು ಕಡಿಮೆ ಒಂದೇ. ತವರುಮನೆ, ಯಾರದೋ ಮದುವೆ, ಹೆಚ್ಚೆಂದರೆ ಆಲಮಟ್ಟಿಯ ಉದ್ಯಾನ. ಕಲೆಯ ಮ್ಯೂಸಿಯಂ ಎಂಬ ಮಾತು ಬಂದರೆ, "ಅದು ದೊಡ್ಡ ಊರಿನ ಓದಿದವರಿಗೆ. ನಮಗೆ ಅದರಲ್ಲಿ ಏನು ತಿಳಿಯುತ್ತದೆ?" ಎಂದು ನಾವೇ ಪಕ್ಕಕ್ಕೆ ಸರಿಯುತ್ತೇವೆ. ಆದರೆ ನಮಗೆ ತಿಳಿಯುವಂಥದ್ದು, ಅಷ್ಟೇ ಏಕೆ, ನಾವೇ ಇತರರಿಗೆ ತಿಳಿಸಿ ಹೇಳಬಹುದಾದಂಥದ್ದು ಒಂದಿದೆ.

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿ ಗೊಟಗೋಡಿ ಎಂಬ ಹಳ್ಳಿಯಿದೆ. ಅಲ್ಲಿ ಹೆದ್ದಾರಿಗೆ ಹೊಂದಿಕೊಂಡೇ ಉತ್ಸವ ರಾಕ್ ಗಾರ್ಡನ್ ಇದೆ. ಇದು ಸರಕಾರ ಕಟ್ಟಿದ್ದಲ್ಲ. ಟಿ.ಬಿ. ಸೊಲಬಕ್ಕನವರ ಎಂಬ ಕಲಾವಿದರು ತಮ್ಮ ಪರಿಶ್ರಮದಿಂದ ಕಟ್ಟಿದ್ದು. ದೊಡ್ಡಾಟವನ್ನು ಉಳಿಸಲು ಶ್ರಮಿಸಿದವರು ಅವರು. 2020ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಈ ಬಯಲು ಮ್ಯೂಸಿಯಮ್ಮಿನಲ್ಲಿ ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಆಧುನಿಕ ಕಲೆಯ ರಚನೆಗಳಿವೆ, ಡಾ. ರಾಜ್‌ಕುಮಾರ್ ಅಭಿನಯಿಸಿದ ಪಾತ್ರಗಳಿವೆ. ಅವೆಲ್ಲಕ್ಕಿಂತ ಹೆಚ್ಚಾಗಿ ಸಿಮೆಂಟಿನಲ್ಲಿ ಮಾಡಿ ಬಣ್ಣ ಹಚ್ಚಿದ, ಆಳೆತ್ತರದ ಜನರಿಂದ ತುಂಬಿದ ಒಂದು ಹಳ್ಳಿಯೇ ಇದೆ. ಹೊಲದಲ್ಲಿ ದುಡಿಯುವವರು, ದನ ಮೇಯಿಸುವವರು, ಕುರಿ ಕಾಯುವವರು, ಕಸುಬುದಾರರು, ಮನೆಗೆಲಸದಲ್ಲಿ ತೊಡಗಿರುವ ಹೆಂಗಸರು. ಉತ್ತರ ಕರ್ನಾಟಕದ ಹಳ್ಳಿಯ ಒಂದು ದಿನ ಅಲ್ಲಿ ನಿಂತುಬಿಟ್ಟಿದೆ.

ನಮ್ಮ ಜಿಲ್ಲೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಗೋಲಗುಂಬಜದ ಮುಂದಿನ ನಗಾರಖಾನೆಯ ಮ್ಯೂಸಿಯಂ ನೋಡಿರುತ್ತಾರೆ. ಶಾಸನ, ನಾಣ್ಯ, ಆಯುಧ, ಕೈಬರಹದ ಗ್ರಂಥಗಳು ಅಲ್ಲಿವೆ. ಅದು ಆದಿಲ್‌ಶಾಹಿಗಳ ವೈಭವದ ನೆನಪು, ಹೆಮ್ಮೆಪಡುವಂಥದ್ದೇ. ಆದರೆ ಆ ಗುಂಬಜಕ್ಕೆ ಕಲ್ಲು ಹೊತ್ತವರು ಏನು ಉಂಡರು, ಅವರಿಗೆ ರೊಟ್ಟಿ ಬಡಿದವರು ಯಾರು ಎಂಬುದು ಅಲ್ಲಿ ಸಿಗುವುದಿಲ್ಲ. ಗೊಟಗೋಡಿಯಲ್ಲಿ ಕಾಣುವುದು ಅಂಥ ಸಾಮಾನ್ಯ ಜನರೇ.

ಇದರಲ್ಲಿ ನಮಗೇನು ಎನ್ನುತ್ತೀರಾ? ಜನಗಣತಿಯ ಲೆಕ್ಕದಲ್ಲಿ ಮನೆಗೆಲಸವನ್ನಷ್ಟೇ ಮಾಡುವ ಹೆಣ್ಣು 'ಕೆಲಸ ಮಾಡದವಳು'. ಮನೆಯಲ್ಲೂ ಅದೇ ಮಾತು. "ಅಮ್ಮಿ ಏನು ಮಾಡುತ್ತಾರೆ?" ಎಂದು ಶಾಲೆಯಲ್ಲಿ ಕೇಳಿದರೆ ಮಗು, "ಏನೂ ಇಲ್ಲ, ಮನೆಯಲ್ಲೇ ಇರ್ತಾರೆ" ಎನ್ನುತ್ತದೆ. ಅಂಥ ಮಗು, ತನ್ನ ಅಮ್ಮಿ ದಿನವೂ ಮಾಡುವ ಕೆಲಸವನ್ನು ಒಬ್ಬ ಕಲಾವಿದ ವರ್ಷಗಟ್ಟಲೆ ಶ್ರಮಪಟ್ಟು ಶಿಲ್ಪವಾಗಿಸಿದ್ದನ್ನೂ, ಜನ ಟಿಕೆಟ್ ಕೊಂಡು ಅದನ್ನು ನೋಡಲು ಬರುವುದನ್ನೂ ಕಂಡಾಗ ಏನನ್ನಿಸಬಹುದು? ನಾಳೆಯಿಂದ ಅದು ಅಡುಗೆಮನೆಯತ್ತ ನೋಡುವ ನೋಟವೇ ಸ್ವಲ್ಪ ಬದಲಾದೀತು.

ಆದ್ದರಿಂದ ಅಲ್ಲಿಗೆ ಹೋದಾಗ ಮಕ್ಕಳ ಹಿಂದೆ ಸುಮ್ಮನೆ ನಡೆಯಬೇಡಿ. ಅಜ್ಜಿಯರಿದ್ದರೆ ಅವರನ್ನೇ ಮುಂದೆ ಬಿಡಿ. ಬಿಳಿಜೋಳ ಹೇಗೆ ಬೀಸುತ್ತಿದ್ದರು, ಬೀಸುವಾಗ ಯಾವ ಪದ ಹಾಡುತ್ತಿದ್ದರು, ಹಳೆಯ ಸೀರೆಗಳಿಂದ ಕೌದಿ ಹೇಗೆ ಹೊಲಿಯುತ್ತಿದ್ದರು ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾವ ಗೈಡ್ ಹೇಳಬಲ್ಲ? ಜೊತೆಗೆ ಕಷ್ಟವನ್ನೂ ಹೇಳಲಿ. ನಸುಕಿನಲ್ಲೇ ಎದ್ದು ಬೀಸಿದ್ದು, ದೂರದಿಂದ ನೀರು ಹೊತ್ತದ್ದು, ಒಲೆಯ ಹೊಗೆಗೆ ಕಣ್ಣು ಉರಿದದ್ದು. ಗಿರಣಿ ಮತ್ತು ನಲ್ಲಿ ಬಂದು ಹೆಣ್ಣಿನ ಬೆನ್ನು ಉಳಿಯಿತು. ಹಳೆಯ ಕಾಲ ಚೆಂದವಿತ್ತು ಎಂದಷ್ಟೇ ಹೇಳಿದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತೆ.

ಪ್ರತಿಮೆಗಳಿರುವ ಕಡೆ ಹೋಗಬಹುದೇ ಎಂಬ ಅಳುಕು ಕೆಲವು ಸಹೋದರಿಯರಿಗೆ ಇರಬಹುದು. ನಮ್ಮ ಮನೆಗಳಲ್ಲಿ ಗೊಂಬೆ, ಮೂರ್ತಿಗಳನ್ನು ಅಲಂಕಾರಕ್ಕೂ ಇಡದಿರುವ ವಾಡಿಕೆಯಿದೆ. ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಜನಜೀವನವನ್ನು ಅರಿಯಲು ಹೋಗಿ ನೋಡಿ ಬರುವುದು ಬೇರೆ. ಗೊಟಗೋಡಿಯ ಈ ಹಳ್ಳಿಗರನ್ನು ಯಾರೂ ಪೂಜೆಗೆಂದು ನಿಲ್ಲಿಸಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ನೀವು ನಂಬುವ ಉಲಮಾಗಳನ್ನು ಕೇಳಿಕೊಳ್ಳಿ. ಯಾರೂ ಯಾರನ್ನೂ ಒತ್ತಾಯಿಸುವುದು ಬೇಡ. ಹಾಗೆಂದು ಕಲೆಯೇ ನಮ್ಮದಲ್ಲ ಎಂದುಕೊಳ್ಳುವುದೂ ಸರಿಯಲ್ಲ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದ ಚಿತ್ರಗಳು ಇಂದು ಜಗತ್ತಿನ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಇಬ್ರಾಹಿಂ ರೋಜಾದ ಗೋಡೆಗಳ ಮೇಲಿನ ಅಕ್ಷರಗಳ ಕೆತ್ತನೆಯನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ.

ಒಬ್ಬ ವ್ಯಕ್ತಿಯ ಹಟದಿಂದ ಎಂಥ ಕೆಲಸವಾದೀತು ಎಂಬುದನ್ನೂ ಮಕ್ಕಳಿಗೆ ಹೇಳಿ. ಚಂಡೀಗಢದ ರಾಕ್ ಗಾರ್ಡನ್ ಹೆಸರು ಕೇಳಿರುತ್ತೀರಿ. ರಸ್ತೆ ಇಲಾಖೆಯ ನೌಕರರಾಗಿದ್ದ ನೇಕ್ ಚಂದ್, ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಕೂಡಿಸಿ ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ಅದನ್ನು ಕಟ್ಟಿದರು. 1976ರಲ್ಲಿ ಅದು ಜನರಿಗೆ ತೆರೆಯಿತು. ಗೊಟಗೋಡಿಯ ಸುದ್ದಿಯೂ ಹಾಗೆಯೇ. ರಾಜಧಾನಿಯಲ್ಲಿ ಅಲ್ಲ, ಹಳ್ಳಿಯ ನೆಲದಲ್ಲಿ, ಹಳ್ಳಿಯ ಜನರನ್ನೇ ಕುರಿತು ಮಾಡಿದ ಕೆಲಸ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇರುವುದು ಇದೇ ಗೊಟಗೋಡಿಯಲ್ಲಿ.

ದಾರಿ ದೂರವೇ. ವಿಜಯಪುರದಿಂದ ಹುಬ್ಬಳ್ಳಿ ಸುಮಾರು 200 ಕಿಲೋಮೀಟರ್. ಅಲ್ಲಿಂದ ಮುಂದೆ ಒಂದು ತಾಸಿನ ದಾರಿ. ಒಂದೇ ದಿನದಲ್ಲಿ ಹೋಗಿ ಬಂದರೆ ಮಕ್ಕಳು, ಹಿರಿಯರು ಸುಸ್ತಾಗುತ್ತಾರೆ. ಹುಬ್ಬಳ್ಳಿಯಲ್ಲಿ ನೆಂಟರಿದ್ದರೆ ಒಂದು ರಾತ್ರಿ ಅಲ್ಲಿ ತಂಗಿ. ಸಿಂದಗಿ, ಮುದ್ದೇಬಿಹಾಳಕ್ಕೆ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಎರಡು ಮೂರು ಮನೆಯವರು ಸೇರಿದರೆ ಒಂದು ಕ್ರೂಸರ್ ಮಾಡಿಕೊಳ್ಳಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬಯಲಲ್ಲಿ ಸುತ್ತುವುದು ಕಷ್ಟ. ಮಳೆ ನಿಂತ ಮೇಲೆ ಬರುವ ದಸರಾ ರಜೆ ಒಳ್ಳೆಯದು. ತೆರೆಯುವ ಸಮಯ, ಟಿಕೆಟ್ ದರವನ್ನು ಮೊದಲೇ ವಿಚಾರಿಸಿಕೊಳ್ಳಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಶಿಲ್ಪಗಳನ್ನು ಮುಟ್ಟಿ ಹಾಳು ಮಾಡದಂತೆ ಮಕ್ಕಳಿಗೆ ಮೊದಲೇ ತಿಳಿಹೇಳಿ.

ಸಮಯವಿದ್ದರೆ ಅದೇ ತಾಲೂಕಿನ ಶಿಶುನಾಳಕ್ಕೂ ಹೋಗಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರ ಊರದು. ಬಿದಿರು, ಗಿರಣಿ, ಸೋರುವ ಮನೆಯಂಥ ದಿನದ ಸಂಗತಿಗಳನ್ನೇ ಅವರು ಕನ್ನಡದ ಹಾಡಾಗಿಸಿದರು.

ಮನೆಗೆ ಮರಳಿದ ಮೇಲೆ ಒಂದು ಕೆಲಸ ಮಾಡಿ. ಅಟ್ಟದ ಮೇಲೋ ಹಿತ್ತಲಿನಲ್ಲೋ ಬಿದ್ದಿರುವ ಬೀಸುಕಲ್ಲು, ಮರದ ಕೊಣಮಿಗೆ, ಅಜ್ಜಿಯ ಕೌದಿಯನ್ನು ಹೊರತೆಗೆಸಿ. ಅವುಗಳ ಹೆಸರು, ಉಪಯೋಗ, ಬಳಸಿದವರ ಹೆಸರನ್ನು ಮಗಳ ಕೈಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಹೇಳಬಲ್ಲ ಹಿರಿಯರು ಇರುವಾಗಲೇ ಬರೆಸಿ.