ಕರಿಯ ಪೈಪೂ ಬೇಸಗೆಯ ಬಿಸಿಲೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ಕರಿಯ ಪೈಪುಗಳು ಸಾಲಾಗಿ ಬಿದ್ದಿರುವುದನ್ನು ನಮ್ಮ ವಾಚಕರು ಕಂಡೇ ಇರುವರು. ತುಂತುರು ನೀರಾವರಿಗೆ ಅವೇ ಆಧಾರ. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯ ಕಾಮಗಾರಿಗಳಲ್ಲಿಯೂ ಈ ಜಾತಿಯ ಪೈಪುಗಳನ್ನು ನೆಲದಲ್ಲಿ ಹೂಳಿರುವರು. ಅಂಗಡಿಯವರು ಇದನ್ನು ಎಚ್.ಡಿ.ಪಿ.ಇ. ಎನ್ನುವರು, ಅಧಿಕ ಸಾಂದ್ರತೆಯ ಪಾಲಿಥೀನೆಂದು ಅದರ ಅರ್ಥ. ಪೈಪಿಗೆ ಸುರಿಯುವ ಹಣವು ಮನೆಯ ಹಣವೇ ಆದುದರಿಂದ, ಈ ಪದಾರ್ಥವು ಬಿಸಿಲಿಗೂ ಭಾರಕ್ಕೂ ಹೇಗೆ ನಡೆದುಕೊಳ್ಳುವುದೆಂಬ ವಿಚಾರವು ಗೃಹಸ್ಥರ ಪುಟಕ್ಕೆ ಸಲ್ಲತಕ್ಕುದೆಂದು ನಮ್ಮ ಅಭಿಪ್ರಾಯ.

ಪಾಲಿಥೀನು ಮೊದಲು ದೊರೆತುದು 1933ರಲ್ಲಿ, ಇಂಗ್ಲೆಂಡಿನಲ್ಲಿ, ಅದು ಮೆತ್ತನೆಯದು. ಗಟ್ಟಿಯಾದುದನ್ನು 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಎಂಬ ವಿದ್ವಾಂಸನು ಹೆಚ್ಚು ಒತ್ತಡವಿಲ್ಲದೆ ತಯಾರಿಸುವ ಉಪಾಯವನ್ನು ಕಂಡುಹಿಡಿದನು. ಅದೇ ಕಾಲಕ್ಕೆ ಅಮೆರಿಕೆಯವರೂ ಬೇರೊಂದು ದಾರಿಯಿಂದ ಅಲ್ಲಿಗೆ ತಲಪಿದ್ದರು. ಎರಡಕ್ಕೂ ಇರುವ ಭೇದವು ನಮ್ಮ ಒಕ್ಕಲಿಗರಿಗೆ ಸುಲಭವಾಗಿ ತಿಳಿಯುವಂತಹದು. ಜಾಲಿಯ ಕಂಟಿಗಳನ್ನು ಒಟ್ಟಿದರೆ ಕೊಂಬೆಗೆ ಕೊಂಬೆ ಅಡ್ಡಬಂದು ನಡುವೆ ಟೊಳ್ಳು ಉಳಿಯುವುದು. ಜೋಳದ ಕಣಿಕೆಯನ್ನು ಬಣವಿ ಒಟ್ಟಿದರೆ ಒಂದಕ್ಕೊಂದು ಅಂಟಿ ಕೂಡುವುದು. ಮೆತ್ತನೆಯ ಪಾಲಿಥೀನಿನ ಅಣುಸರಪಳಿಗಳಿಗೆ ಕೊಂಬೆಗಳು ಬಹಳ; ಗಟ್ಟಿಯದರ ಸರಪಳಿಗಳು ಕಣಿಕೆಯಂತೆ ನೆಟ್ಟಗಿರುವುವು. ಅದರ ಬಲವೆಲ್ಲವೂ ಈ ಒತ್ತಾದ ಕೂಟದಲ್ಲಿದೆ. ಇಷ್ಟಾದರೂ ಅದು ನೀರಿಗಿಂತ ಹಗುರ. ತುಂಡೊಂದನ್ನು ನೀರಿಗೆ ಹಾಕಿದರೆ ತೇಲುವುದು, ಪಿ.ವಿ.ಸಿ. ಪೈಪಿನ ತುಂಡಾದರೆ ಮುಳುಗುವುದು. ಕೊಳ್ಳುವಾಗ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಇನ್ನು ಶಾಖದ ಮಾತು. ಈ ಪದಾರ್ಥವು ಕರಗಲು ಸುಮಾರು 130 ಡಿಗ್ರಿ ಸೆಲ್ಸಿಯಸ್ ಬೇಕು. ಯಾವ ಬೇಸಗೆಯೂ ಅಷ್ಟು ಕಾಯದಾದುದರಿಂದ ಬಿಸಿಲಿನ ಭಯವಿಲ್ಲವೆಂದು ಕೆಲವರು ತಿಳಿಯುವರು. ಇದು ಸರಿಯಲ್ಲ. ಕರಗುವುದಕ್ಕೆ ಬಹಳ ಮೊದಲೇ ಬಲವು ಕುಂದತೊಡಗುವುದು. 20 ಡಿಗ್ರಿಯಲ್ಲಿ ನೀರಿನ ಒತ್ತಡವನ್ನು ಹತ್ತು ಪಾಲು ತಡೆಯುವ ಪೈಪು 40 ಡಿಗ್ರಿಯಲ್ಲಿ ಸುಮಾರು ಏಳೂವರೆ ಪಾಲನ್ನು ಮಾತ್ರ ಬಹುಕಾಲ ತಡೆಯಬಲ್ಲುದು. ನಮ್ಮ ಸೀಮೆಯ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿಯನ್ನು ದಾಟುವುದುಂಟು. ನೀರಿಲ್ಲದೆ ಬಿಸಿಲಿಗೆ ಬಿದ್ದಿರುವ ಕರಿಯ ಪೈಪಿನ ಮೈ ಅದಕ್ಕಿಂತಲೂ ಬಹಳ ಹೆಚ್ಚು ಕಾಯುವುದು. ಅಂತಹ ಪೈಪಿಗೆ ನಡುಹಗಲಿನಲ್ಲಿ ಒಮ್ಮೆಲೇ ಪಂಪಿನ ಪೂರ್ಣ ಒತ್ತಡವನ್ನು ಕೊಡುವುದು ಬುದ್ಧಿವಂತಿಕೆಯಲ್ಲ. ಮೊದಲು ನೀರನ್ನು ಮೆಲ್ಲನೆ ಹರಿಯಗೊಟ್ಟು ಅದನ್ನು ತಂಪುಗೊಳಿಸತಕ್ಕುದು.

ಹಿಗ್ಗು-ಕುಗ್ಗುಗಳ ಲೆಕ್ಕವು ಇನ್ನೂ ವಿಚಿತ್ರವಾದುದು. ಒಂದು ಡಿಗ್ರಿ ಶಾಖವೇರಿದರೆ ಒಂದು ಮೀಟರು ಪೈಪು ಸುಮಾರು 0.2 ಮಿಲಿಮೀಟರು ಬೆಳೆಯುವುದು. ಅಲ್ಪವೆಂದು ತೋರಬಹುದು. ಆದರೆ ಕಾಯಿಸಿ ಬೆಸೆದು ಒಂದೇ ಮಾಡಿದ 100 ಮೀಟರು ಸಾಲು ಮಧ್ಯಾಹ್ನದಿಂದ ಬೆಳಗಿನ ಜಾವದೊಳಗೆ 30 ಡಿಗ್ರಿ ಆರಿದರೆ 60 ಸೆಂಟಿಮೀಟರು ಕುಗ್ಗುವುದು; ಒಂದು ಮೊಳಕ್ಕೂ ಮಿಗಿಲಾಯಿತು! ಕಬ್ಬಿಣವಾದರೆ ನಾಲ್ಕು ಸೆಂಟಿಮೀಟರೂ ಇಲ್ಲ. ಮಧ್ಯಾಹ್ನ ನೆಟ್ಟಗೆ ಬಿಗಿದು ಕೂಡಿಸಿದ ಸಾಲು ರಾತ್ರಿಯಲ್ಲಿ ತನ್ನ ಕೊನೆಯ ಜೋಡಣೆಯನ್ನು ತಾನೇ ಜಗ್ಗುವುದು. ಬೆಳಗಾಗೆದ್ದು ನೋಡಿದ ಯಜಮಾನನು ಯಾರೋ ಕಿತ್ತರೆಂದು ನೆರೆಯವನನ್ನು ಶಂಕಿಸಿದರೆ ಅದು ಪೈಪಿನ ತಪ್ಪಲ್ಲ. ತಂಪು ಹೊತ್ತಿನಲ್ಲಿ, ಹಾವು ಹರಿದಂತೆ ತುಸು ಡೊಂಕಾಗಿ ಹಾಸಿ ಕೂಡಿಸಿದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುವುದು.

ಭಾರದ ವಿಷಯದಲ್ಲಿ ಕಾಲವೇ ಮುಖ್ಯ. ಒಂದು ಪೆಟ್ಟನ್ನು ಈ ಪೈಪು ನಗುತ್ತ ತಾಳುವುದು. ಬಂಡಿಯಿಂದ ಬಿದ್ದರೂ ಒಡೆಯದು. ಬಿಡದೆ ಹೊರಿಸಿದ ಸಣ್ಣ ಭಾರಕ್ಕೆ ಮಾತ್ರ, ಹಳೆಯ ಹೊರಸಿನ ನುಲಿಯು ಜೋತುಬೀಳುವಂತೆ, ಮೆಲ್ಲಮೆಲ್ಲನೆ ಸೋಲುವುದು. ಶಾಖವಿದ್ದರೆ ಈ ಸೋಲಿಗೆ ವೇಗ ಬರುವುದು. ಬೇಸಗೆಯಲ್ಲಿ ಪೈಪುಗಳನ್ನು ಎತ್ತರವಾಗಿ ಒಟ್ಟಿದರೆ ಕೆಳಗಿನವು ಚಪ್ಪಟೆಯಾಗಿ, ಜೋಡಣೆಯಲ್ಲಿ ಸೋರತೊಡಗುವುದಕ್ಕೆ ಇದೇ ಕಾರಣ. ಕಲ್ಲಿನ ಮೇಲೆ ದರದರನೆ ಎಳೆದುದರ ಗೀರೂ ಅಲ್ಪವಲ್ಲ. ಒತ್ತಡವೆಲ್ಲವೂ ಗೀರಿನ ತುದಿಯಲ್ಲಿ ಕೂಡಿ, ಅಲ್ಲಿಂದ ಸೀಳು ಹೊರಟು, ವರುಷಗಳ ಮೇಲೆ ಹೊರಗೆ ಕಾಣುವುದು.

ನಮ್ಮ ಎರೆಭೂಮಿಯ ಸ್ವಭಾವವನ್ನು ಇಲ್ಲಿ ನೆನೆಯಬೇಕು. ಮಳೆಗೆ ಉಬ್ಬುವುದು, ಬೇಸಗೆಗೆ ಕಾಲು ಸಿಲುಕುವಷ್ಟು ಬಿರಿಯುವುದು. ಹೂಳಿದ ಪೈಪನ್ನು ಅದು ವರುಷವರುಷವೂ ಅತ್ತಿತ್ತ ನೂಕುವುದು. ಬಾಗಬಲ್ಲ ಈ ಪೈಪು ಆ ನೂಕಾಟಕ್ಕೆ ಪಿ.ವಿ.ಸಿ.ಗಿಂತ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮಗ್ಗುಲಲ್ಲಿ ಚೂಪುಗಲ್ಲೊಂದಿದ್ದರೆ ಅದೇ ಮಣ್ಣು ಆ ಕಲ್ಲನ್ನು ಪೈಪಿನ ಮೈಗೆ ಒತ್ತಿ ಹಿಡಿಯುವುದು. ಅಗೆದ ಕಾಲುವೆಗೆ ಒಂದಿಷ್ಟು ಮರಳು ಹಾಸುವ ಖರ್ಚನ್ನು ಉಳಿಸಬಾರದು. ಆಳದಲ್ಲಿ ಹೂಳಿದರೆ ಬಿಸಿಲಿನ ಕಾಟವೂ ಇಲ್ಲ.

ಪೈಪಿನ ಕರಿಯ ಬಣ್ಣವು ಅಂದಕ್ಕಾಗಿ ಬಂದುದಲ್ಲ. ನೂರಕ್ಕೆ ಎರಡು ಮೂರು ಪಾಲು ನಯವಾದ ಮಸಿಯನ್ನು ಬೆರೆಸಿ, ಬಿಸಿಲಿನ ಅದೃಶ್ಯ ಕಿರಣಗಳು ಅಣುಸರಪಳಿಯನ್ನು ಕಡಿಯದಂತೆ ಕಾದಿರುವರು. ಮನೆಯ ಬಣ್ಣದ ಕೊಡಕ್ಕೆ ಈ ಕವಚವಿಲ್ಲ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿಯಿದ್ದರೆ ಅದೂ ಇದೇ ಪದಾರ್ಥದ್ದು. ಅದನ್ನು ದಿನವೆಲ್ಲ ಅಂಗಳದ ಬಿಸಿಲಿಗೆ ಬಿಟ್ಟರೆ ಮೈ ಬಿಳಚಿ, ಸುಣ್ಣದಂತೆ ಕೈಗೆ ಹತ್ತಿ, ಕಡೆಗೆ ತುಂಬಿ ಎತ್ತುವಾಗ ಕಂಠದಲ್ಲಿ ಸೀಳುವುದು. ಬಳಸದ ಹೊತ್ತಿನಲ್ಲಿ ನೆರಳಿನಲ್ಲಿ ಬೋರಲು ಹಾಕುವುದು ಲೇಸು. ಹಂಡೆಯ ಕುದಿನೀರನ್ನು ಬಕೆಟ್ಟಿಗೆ ಸುರಿಯುವ ಗೃಹಿಣಿಯರು ಮೊದಲು ಎರಡು ತಂಬಿಗೆ ತಣ್ಣೀರನ್ನು ಹಾಕಿಕೊಳ್ಳಲಿ. ಕುದಿನೀರಿಗೆ ಬಕೆಟ್ಟು ಕರಗದಿದ್ದರೂ ಮೆತ್ತಗಾಗಿ, ಕಿವಿ ಹಿಡಿದು ಎತ್ತಿದಾಗ ಸೊಟ್ಟಗಾಗುವುದು.