ಮೂರನೆಯ ಪೆಡಲ್

ಕೊಚ್ಚಿಯಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರ ಬಳಿ 1978ರ ಮರ್ಸಿಡಿಸ್ 240 ಡಿ ಕಾರೊಂದಿದೆ. ರಾಜತಾಂತ್ರಿಕರು ಬಿಟ್ಟುಹೋದ ವಾಹನಗಳನ್ನು ದೆಹಲಿಯಲ್ಲಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿದ್ದ ಕಾಲದಲ್ಲಿ, ಮೈಸೂರಿನವರಾದ ಅವರ ತಂದೆ ಅದನ್ನು ಕೊಂಡರು. ತಂದೆಯ ಕಾಲಾನಂತರ ಕಾರು ಮಗನ ಹಿಂದೆ ಕೇರಳಕ್ಕೆ ಬಂದಿತು. ಈಗ ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಟ ಹಿಡಿದಿದೆ. ಗೇರು ಬದಲಾಗುವಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದಂತೆ ಕಾರು ಜಗ್ಗುತ್ತದೆ. ಮೆಕ್ಯಾನಿಕ್ ಸೂಚಿಸಿದ ಪರಿಹಾರ ಸರಳ: ಆಟೊಮ್ಯಾಟಿಕ್ ಕಿತ್ತು, ಕ್ಲಚ್ ಪೆಡಲ್ ಕೂರಿಸಿ, ಮ್ಯಾನ್ಯುಅಲ್ ಮಾಡಿಬಿಡಿ. ಮಿತ್ರರು ನಮ್ಮ ಅಭಿಪ್ರಾಯ ಕೇಳಿದರು. ಬೇಡವೆಂದೆವು. ಅದಕ್ಕೆ ಕಾರಣ ಕೊಡುವ ಹೊಣೆಯೂ ನಮ್ಮದೇ.

ಪೆಡಲ್ ಒಂದನ್ನು ಸೇರಿಸಿದರೆ ಮುಗಿಯುವ ಕೆಲಸ ಇದಲ್ಲ. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಕೆಳಗೆ ಸ್ಲೇವ್ ಸಿಲಿಂಡರ್, ಎಂಜಿನ್ನಿಗೆ ಭಾರವಾದ ಫ್ಲೈವೀಲ್, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರೆಯದೇ ಗೇರ್‌ಬಾಕ್ಸ್, ಅದಕ್ಕೆ ಹೊಂದುವ ಪ್ರೊಪೆಲ್ಲರ್ ಶಾಫ್ಟ್ ಇವೆಲ್ಲ ಬೇಕು. ಆಟೊಮ್ಯಾಟಿಕ್ ಕಾರಿನ ಅಗಲವಾದ ಬ್ರೇಕ್ ಪೆಡಲನ್ನೂ ಕಿರಿದುಗೊಳಿಸಬೇಕು. ಇಷ್ಟು ಮಾಡುವ ಮೊದಲು ರೋಗ ಯಾವುದೆಂದು ನೋಡುವುದು ವಿವೇಕ. ಈ ಮಾದರಿಯ ಕಾರಿನಲ್ಲಿ ಗೇರು ನಯವಾಗಿ ಬದಲಾಗಲು ನಿರ್ವಾತ ಕೊಳವೆಗಳ ನೆರವು ಬೇಕು. ಸೆಂಟ್ರಲ್ ಲಾಕ್ ಇರುವ ಕಾರಿನಲ್ಲಿ ಬಾಗಿಲ ಚಿಲಕಗಳೂ ಅದೇ ನಿರ್ವಾತದಿಂದ ನಡೆಯುತ್ತವೆ. ಎಲ್ಲೋ ಒಂದು ರಬ್ಬರ್ ಕೊಳವೆ ಬಿರಿದರೆ ಗೇರ್‌ಬಾಕ್ಸ್ ಜಗ್ಗುತ್ತದೆ. ಬಾಗಿಲಿನ ತಪ್ಪಿಗೆ ಗೇರ್‌ಬಾಕ್ಸಿಗೆ ಶಿಕ್ಷೆಯಾಗಬಾರದು.

ಇನ್ನು ಕಾನೂನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿ ಎತ್ತಿಹಿಡಿದದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. ಈ ಮಾದರಿಯನ್ನು ಕಾರ್ಖಾನೆಯೇ ಎರಡೂ ಬಗೆಯ ಗೇರ್‌ಬಾಕ್ಸುಗಳೊಂದಿಗೆ ಮಾರಿತ್ತು, ಆದ್ದರಿಂದ ಇದು ಭಿನ್ನವಲ್ಲ ಎಂದು ಮಿತ್ರರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ 2021ರ ಜುಲೈನ ನಿಯಮವೂ ಇದೆ: 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ, ಗಣನೀಯ ಬದಲಾವಣೆಗೆ ಒಳಗಾಗದ ವಾಹನಕ್ಕೆ ವಿಂಟೇಜ್ ಮಾನ್ಯತೆ, ‘ವಿಎ’ ಅಕ್ಷರಗಳ ಪ್ರತ್ಯೇಕ ಸಂಖ್ಯೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಈ ಕಾರಿಗೆ ಆ ವಯಸ್ಸು ಬರುವುದು 2028ರಲ್ಲಿ. ಇಂದು ಗೇರ್‌ಬಾಕ್ಸ್ ಬದಲಿಸಿ, ನಾಳೆ ಮೂಲರೂಪದಲ್ಲಿದೆಯೆಂದು ಅರ್ಜಿಗೆ ಸಹಿ ಹಾಕುವುದು ನಮ್ಮಂತಹ ಸರ್ಕಾರಿ ನೌಕರರಿಗಂತೂ ಕಷ್ಟ.

ಕೊಚ್ಚಿಗೆ ವರ್ಗವಾಗುವ ಮುನ್ನ ನಾವು ತಿರುವನಂತಪುರದಲ್ಲಿದ್ದೆವು. ಅಲ್ಲಿ ಹಳೆಯ ಕಾರಿನ ಮಾತು ಬಂದರೆ ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರ 1955ರ ಬೆಂಜ್ 180ರ ನೆನಪಾಗದೆ ಇರದು. ‘ಸಿಎಎನ್ 42’ ಎಂಬ ಅದರ ಸಂಖ್ಯೆ ನಮ್ಮ ಕನ್ನಡನಾಡಿನ ನೋಂದಣಿಯದು. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಬಿಟ್ಟುಕೊಡಲಿಲ್ಲ. ಅದಕ್ಕೆ ಕ್ಲಚ್ ಪೆಡಲ್ ಇದೆ. ಇಂದಿನ ವಾಹನ ಸಂದಣಿಗೆ ಅನುಕೂಲವೆಂದು ಅದಕ್ಕೆ ಆಟೊಮ್ಯಾಟಿಕ್ ಕೂರಿಸೋಣವೆಂದರೆ ಯಾರಾದರೂ ಒಪ್ಪುತ್ತಾರೆಯೇ? ಪೆಡಲ್ ತೆಗೆಯುವುದು ಅಪಚಾರವಾದರೆ, ಇಲ್ಲದ ಪೆಡಲ್ ಸೇರಿಸುವುದು ಹೇಗೆ ಸುಧಾರಣೆಯಾದೀತು?

ಮಿತ್ರರ ಕಾರಿನಲ್ಲಿ ಕ್ಲಚ್ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವರ ತಂದೆಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಎಡಗಾಲು ಸೊರಗಿತ್ತು. ಆ ದಿನಗಳ ನಮ್ಮ ಅಂಬಾಸಿಡರ್, ಪದ್ಮಿನಿಗಳೆಲ್ಲ ಎಡಗಾಲನ್ನು ಬೇಡುವ ಕಾರುಗಳು. ಹರಾಜಿನಲ್ಲಿ ಅವರು ಕೊಂಡದ್ದು ಐಷಾರಾಮವನ್ನಲ್ಲ. ಯಾರ ಹಂಗೂ ಇಲ್ಲದೆ ತಾವೇ ಕಾರು ಓಡಿಸುವ ಸ್ವಾತಂತ್ರ್ಯವನ್ನು. 2023ರ ಡಿಸೆಂಬರಿನಲ್ಲಿ, ಎರಡೂ ಕೈಗಳಿಲ್ಲದ ಇಡುಕ್ಕಿ ಜಿಲ್ಲೆಯ ಜಿಲುಮೋಳ್ ಮರಿಯಟ್ ಥಾಮಸ್ ಕಾಲುಗಳಿಂದಲೇ ಕಾರು ನಡೆಸಲು ಪರವಾನಗಿ ಪಡೆದಾಗ ನಮಗೆ ಆ ತಂದೆಯ ನೆನಪಾಗಿತ್ತು. ಆಕೆಯ ಕಾರನ್ನು ಮಾರ್ಪಡಿಸಿದವರು ಕೊಚ್ಚಿಯವರೇ. ಮಾರ್ಪಾಡೆಂದರೆ ನಮಗೆ ವಿರೋಧವಿಲ್ಲ. ದೇಹಕ್ಕೆ ಯಂತ್ರವನ್ನು ಒಗ್ಗಿಸುವ ಮಾರ್ಪಾಡು ಬೇರೆ, ದುರಸ್ತಿಯ ತೊಂದರೆ ತಪ್ಪಿಸಿಕೊಳ್ಳಲು ಮಾಡುವ ಮಾರ್ಪಾಡು ಬೇರೆ.

ಓಡದ ಕಾರು ನೆನಪಲ್ಲ, ಬರಿಯ ಕಬ್ಬಿಣ ಎಂಬ ಮಿತ್ರರ ಮಾತನ್ನು ತಳ್ಳಿಹಾಕಲಾರೆವು. ಬಿಡಿಭಾಗ ಸಿಗದೆ, ಕೈಪಳಗಿದವರೂ ಸಿಗದೆ ಎಲ್ಲ ದಾರಿಗಳೂ ಮುಚ್ಚಿದರೆ ಬದಲಿಸಲಿ. ಆಗಲೂ ಮೂರು ಮಾತು: ಸಾರಿಗೆ ಕಚೇರಿಯ ಅನುಮತಿ ಲಿಖಿತವಾಗಿರಲಿ, ಕಾರಿನ ಮೈಯನ್ನು ಕತ್ತರಿಸದಿರಲಿ, ಕಿತ್ತ ಗೇರ್‌ಬಾಕ್ಸನ್ನು ಗುಜರಿಗೆ ಹಾಕದೆ ಎಣ್ಣೆ ಹಚ್ಚಿ ಜೋಪಾನ ಮಾಡಲಿ.

ಮೊದಲು ನಿರ್ವಾತ ಕೊಳವೆಗಳನ್ನು ಪರೀಕ್ಷಿಸಲು ಮಿತ್ರರು ಈಗ ಒಪ್ಪಿದ್ದಾರೆ. ಮೊನ್ನೆ ನಾವು ಆ ಕಾರಿನಲ್ಲಿ ಕುಳಿತು ನೋಡಿದೆವು. ಎಡಗಾಲಿನ ಬಳಿ ರತ್ನಗಂಬಳಿ ಹೆಚ್ಚೇನೂ ಸವೆದಿರಲಿಲ್ಲ.