ಎರಡನೇ ಸಲ ಚುಚ್ಚಿದ ಸೂಜಿ

ಕಳೆದ ಮಳೆಗಾಲದಲ್ಲಿ ನಮ್ಮ ನಾನಿಗೆ ಉಬ್ಬಸ ಜೋರಾಯಿತು. ಜಯಲಕ್ಷ್ಮಿಪುರಂನ ಮನೆಯಿಂದ ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದರು. ಸ್ವಲ್ಪ ಹೊತ್ತಿನಲ್ಲೇ ಲ್ಯಾಬ್ ಟೆಕ್ನೀಷಿಯನ್ ಬಂದು, "ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಇದೆ, ಇನ್ನೊಮ್ಮೆ ತೆಗೆಯಬೇಕು" ಎಂದರು. ನಾನಿ ನೋವಿನಿಂದ ಮುಖ ಹಿಂಡಿದರು. ನನಗೆ ಸಿಟ್ಟು ಬಂತು. ಆ ಸಿಟ್ಟು ತಪ್ಪು ಎಂದು ಈಗ ತಿಳಿದಿದೆ.

ಬ್ಲಡ್ ಗ್ಯಾಸ್ ಯಂತ್ರ ರಕ್ತದ ಪಿಹೆಚ್, ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಒತ್ತಡವನ್ನು ಅಳೆಯುತ್ತದೆ. ಅಪಧಮನಿಯ ರಕ್ತದ ಪಿಹೆಚ್ 7.35ರಿಂದ 7.45ರೊಳಗೆ ಇರಬೇಕು. ಪ್ರಥಮ ಪಿಯುಸಿಯಲ್ಲಿ ಕಲಿತ ಲಾಗರಿದಮ್ ನೆನಪಿಸಿಕೊಳ್ಳಿ: ಪಿಹೆಚ್ 7.4ರಿಂದ 7.1ಕ್ಕೆ ಇಳಿದರೆ ಹೈಡ್ರೋಜನ್ ಅಯಾನುಗಳು ಎರಡು ಪಟ್ಟಾಗುತ್ತವೆ. ಉಬ್ಬಸದ ರೋಗಿ ಉಸಿರೆಳೆದು ದಣಿದಾಗ ಇಂಗಾಲದ ಡೈಆಕ್ಸೈಡ್ ಏರುವುದೇ ಅಪಾಯದ ಸೂಚನೆ. ಗಾಳಿಗುಳ್ಳೆ ಅದನ್ನು ಕಡಿಮೆ ತೋರಿಸಿ, ಪಿಹೆಚ್ ಅನ್ನು ಹೆಚ್ಚು ತೋರಿಸಬಹುದು. ವೆಂಟಿಲೇಟರ್ ಬೇಕೋ ಬೇಡವೋ ಎಂದು ವೈದ್ಯರು ಯೋಚಿಸುವಾಗ ಇದು ಸಣ್ಣ ತಪ್ಪಲ್ಲ.

ಮಾದರಿ ಸರಿಯಿದ್ದರೂ ಯಂತ್ರ ಸರಿಯಿರಬೇಕಲ್ಲ? ಅದಕ್ಕೂ ಪರೀಕ್ಷೆಯಿದೆ. ಮೌಲ್ಯ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣಗಳನ್ನು ಅದಕ್ಕೆ ಕೊಟ್ಟು ನೋಡುತ್ತಾರೆ: ಪಿಹೆಚ್ ಕಡಿಮೆಯಿರುವುದು, ಸಾಮಾನ್ಯವಾದುದು, ಹೆಚ್ಚಿರುವುದು. ಉತ್ತರ ಸರಿಯಾದ ಅಂಕಿಗೆ ಹತ್ತಿರವಿದೆಯೇ? ಪ್ರತಿ ಸಲವೂ ಅದೇ ಬರುತ್ತದೆಯೇ? ಎರಡೂ ಬೇಕು. 7.40 ಇರುವುದನ್ನು ಹತ್ತು ಸಲವೂ 7.50 ಎನ್ನುವ ಯಂತ್ರ ಶಿಸ್ತಿನಿಂದ ಸುಳ್ಳು ಹೇಳುತ್ತದೆ, ಅಷ್ಟೆ.

ಈಗ ನಮ್ಮ ಲ್ಯಾಬ್‌ಗೆ ಬನ್ನಿ. ಟೈಟ್ರೇಷನ್‌ನಲ್ಲಿ ಒಂದು ರೀಡಿಂಗ್ ತೆಗೆದು, ಉಳಿದವನ್ನು ಪಕ್ಕದವರ ಪುಸ್ತಕ ನೋಡಿ ಬರೆಯುವವರು ಎಷ್ಟು ಮಂದಿ? ನಾನೂ ಬರೆದಿದ್ದೇನೆ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಸೂರಾ ಅಲ್ ಮುತಫ್ಫಿಫೀನ್ ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೆ. ಬ್ಯುರೆಟ್ ಕೂಡ ಅಳತೆಯೇ. ನಮ್ಮಲ್ಲಿ ಹಲವರು ನಾಳೆ ನರ್ಸ್, ಟೆಕ್ನೀಷಿಯನ್, ವೈದ್ಯರಾಗುವವರು. ಇಲ್ಲಿ ಕಲಿತ ಕೈಚಳಕ ಅಲ್ಲಿಗೂ ಬರುತ್ತದೆ.

ನನ್ನ ಕೋರಿಕೆ ಎರಡು. ಪಿಹೆಚ್ ಮೀಟರ್ ಬಳಸುವ ಮುನ್ನ ಬಫರ್ ದ್ರಾವಣಗಳಲ್ಲಿ ಅದನ್ನು ಪರೀಕ್ಷಿಸಿ, ತಾರೀಖಿನೊಂದಿಗೆ ರಿಜಿಸ್ಟರ್‌ನಲ್ಲಿ ಬರೆಯೋಣ. ಉಪನ್ಯಾಸಕರೇ, ಹೊಂದದ ರೀಡಿಂಗನ್ನು ಪ್ರಾಮಾಣಿಕವಾಗಿ ಬರೆದು ಪ್ರಯೋಗವನ್ನು ಮತ್ತೊಮ್ಮೆ ಮಾಡುವವರ ಅಂಕ ಕಡಿಯಬೇಡಿ. ಅಂಕದ ಭಯವೇ ನಕಲಿಗೆ ಮೂಲ.

ನಾನಿ ಈಗ ಮನೆಯಲ್ಲಿದ್ದಾರೆ. ಆ ಟೆಕ್ನೀಷಿಯನ್‌ಗೆ ಅಂದು ನಾನು ಧನ್ಯವಾದ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.